ಹಳಿಯೇ ನಿರ್ಧರಿಸುವ ಬಣ್ಣ: ಮಾದರಿ ರೈಲುಮಾರ್ಗದಲ್ಲಿ ಕೆಲಸ ಮಾಡುವ ಸಿಗ್ನಲ್‌ಗಳು

ಕೊಯಮತ್ತೂರಿನಿಂದ ಪೊಳ್ಳಾಚಿಯ ಕಡೆಗೆ ಹೋಗುವ ರಸ್ತೆಯಲ್ಲಿರುವ ಕುರಿಚಿ, ಸಿಡ್ಕೋ ಕೈಗಾರಿಕಾ ವಸಾಹತಿನಿಂದಾಗಿ ಹೆಸರಾದ ಊರು. ಅದಕ್ಕೆ ಅಂಟಿಕೊಂಡಂತೆಯೇ ಇರುವ ಪೋತ್ತನೂರು ಜಂಕ್ಷನ್, ರೈಲುಮಾರ್ಗವನ್ನು ಮೇಜಿನ ಮೇಲೆ ಪುಟ್ಟದಾಗಿ ಕಟ್ಟಿಕೊಳ್ಳುವ ಹವ್ಯಾಸಿಗಳು ಸಿಗ್ನಲ್ ವ್ಯವಸ್ಥೆಯನ್ನು ಅರಿಯಲು ಗಮನಿಸಲೇಬೇಕಾದ ನಿಲ್ದಾಣ. ಮದರಾಸಿನಿಂದ ಬೇಪುರಕ್ಕೆ ಹೊರಟ ಮಾರ್ಗ 1862ರಲ್ಲಿ ಇಲ್ಲಿಗೆ ಬಂದಿತು, 1873ರಲ್ಲಿ ಇಲ್ಲಿಂದ ಕೊಯಮತ್ತೂರಿನ ಮೂಲಕ ಮೆಟ್ಟುಪಾಳಯಕ್ಕೆ ಒಂದು ಕವಲು ಹೊರಟಿತು, 1915ರಲ್ಲಿ ಪೊಳ್ಳಾಚಿಗೆ ಮೀಟರ್‌ಗೇಜ್ ಹಳಿ ಬಿದ್ದಿತು, ಮತ್ತು ಆ ಹಳಿ 2017ರಲ್ಲಿ ಬ್ರಾಡ್‌ಗೇಜ್ ಆಗಿ ಮರಳಿ ತೆರೆಯಿತು. ಪಾಲಕ್ಕಾಡು, ಕೊಯಮತ್ತೂರು, ಇರುಗೂರು, ಪೊಳ್ಳಾಚಿ ಎಂಬ ನಾಲ್ಕು ದಿಕ್ಕುಗಳ ಹಳಿಗಳು ಕೂಡುವ ಈ ಜಾಗದಲ್ಲಿಯೇ ದಕ್ಷಿಣ ರೈಲ್ವೆಯ ಸಿಗ್ನಲ್ ಮತ್ತು ದೂರಸಂಪರ್ಕ ಕಾರ್ಯಾಗಾರವೂ ಇದ್ದು, ನಿಜವಾದ ಸಿಗ್ನಲ್‌ಗಳನ್ನು ಆಳುವ ರಿಲೇಗಳು ಅಲ್ಲಿ ತಯಾರಾಗುತ್ತವೆ.

ರಿಲೇ ಎಂದರೆ ಒಂದು ಸುರುಳಿಯಲ್ಲಿ ವಿದ್ಯುತ್ ಹರಿದಾಗ ಇನ್ನೊಂದು ವಿದ್ಯುನ್ಮಾರ್ಗವನ್ನು ಕೂಡಿಸುವ ಅಥವಾ ಬಿಡಿಸುವ ಸಾಧನ. ರೈಲ್ವೆಯ ರಿಲೇಗೆ ಒಂದು ವಿಶೇಷ ಗುಣವಿದ್ದು, ವಿದ್ಯುತ್ ಯಾವ ಕಾರಣಕ್ಕೆ ನಿಂತರೂ ಅದರ ಆರ್ಮೇಚರ್, ಅಂದರೆ ಸುರುಳಿ ಸೆಳೆದು ಹಿಡಿಯುವ ಚಲಿಸುವ ತುಂಡು, ತಾನಾಗಿಯೇ ಕಳಚಿಕೊಂಡು ಹಿಂದಿನ ಸ್ಥಿತಿಗೆ ಬೀಳುತ್ತದೆ. ಸಂಪರ್ಕಬಿಂದುಗಳು ಕಿಡಿಯಿಂದ ಒಂದಕ್ಕೊಂದು ಬೆಸೆದುಹೋಗಿ ‘ದಾರಿ ಸರಿಯಿದೆ’ ಎಂದು ಸುಳ್ಳು ಹೇಳದಿರಲೆಂದು ಕೆಲವು ರಿಲೇಗಳಲ್ಲಿ ಲೋಹಕ್ಕೆ ಎದುರಾಗಿ ಇಂಗಾಲದ ಬಿಂದುವನ್ನೇ ಕೂಡಿಸಿರುತ್ತಾರೆ. ತಂತಿ ತುಂಡಾದರೂ, ಬ್ಯಾಟರಿ ಬರಿದಾದರೂ, ಸಾಧನ ಕೆಟ್ಟರೂ ಸಿಗ್ನಲ್ ಕೆಂಪಿಗೇ ಹೋಗಬೇಕು ಎಂಬುದು ಈ ವಿನ್ಯಾಸದ ಹಿಂದಿರುವ ತತ್ತ್ವ. ಮಾದರಿ ರೈಲುಮಾರ್ಗಕ್ಕೆ ಸಿಗ್ನಲ್ ಕೂರಿಸುವವರು ಸಾಮಾನ್ಯವಾಗಿ ಕಂಬದ ಅಂದಕ್ಕೆ, ದೀಪದ ಗಾತ್ರಕ್ಕೆ, ಬಣ್ಣಕ್ಕೆ ಬಹಳ ಶ್ರಮಪಟ್ಟು ಈ ತತ್ತ್ವವನ್ನು ಮಾತ್ರ ಬಿಟ್ಟುಬಿಡುತ್ತಾರೆ. ಗುಂಡಿ ಒತ್ತಿದಾಗ ಹಸಿರಾಗುವ ದೀಪ ಅಲಂಕಾರದ ದೀಪವೇ ಹೊರತು ಸಿಗ್ನಲ್ ಅಲ್ಲ. ಹಳಿ ಖಾಲಿಯಿದೆಯೇ, ಕವಲು ಯಾವ ಕಡೆಗೆ ತಿರುಗಿದೆ ಎಂಬುದನ್ನು ಹಳಿಯಿಂದಲೇ ತಿಳಿದು ಬಣ್ಣವನ್ನು ನಿರ್ಧರಿಸುವುದು ಸಿಗ್ನಲ್. ಪುಣೆಯ ಕೋಥರೂಡಿನಲ್ಲಿ ಭಾವೂ ಜೋಶಿ ಅವರು ಕಟ್ಟಿ 1998ರಲ್ಲಿ ಸಾರ್ವಜನಿಕರಿಗೆ ತೆರೆದ ಪುಟಾಣಿ ರೈಲುಗಳ ಸಂಗ್ರಹಾಲಯವನ್ನು ನೋಡಿದವರಿಗೆ, ಮಾದರಿ ರೈಲಿನ ಆಟದಲ್ಲಿ ಸಿಗ್ನಲ್ ಎಷ್ಟು ಜೀವ ತುಂಬಬಲ್ಲದು ಎಂಬುದು ಗೊತ್ತಿರುತ್ತದೆ.

ಕಂಬ ಕೊಳ್ಳುವ ಅಥವಾ ಕಟ್ಟುವ ಮೊದಲು ಮಾದರಿಯ ಕಾಲವನ್ನು ಗೊತ್ತುಮಾಡಿಕೊಳ್ಳುವುದು ಅಗತ್ಯ, ಏಕೆಂದರೆ ಸಿಗ್ನಲ್ಲಿನ ರೂಪ ಕಾಲಕ್ಕೆ ತಕ್ಕಂತೆ ಬೇರೆಯಾಗುತ್ತದೆ. ಹಳೆಯ ಮೀಟರ್‌ಗೇಜ್ ಕಾಲವನ್ನು ತೋರಿಸುವ ಮಾದರಿಗೆ ಕೈಮರ, ಅಂದರೆ ಕಂಬದ ತುದಿಯಲ್ಲಿ ಚಲಿಸುವ ತೋಳಿರುವ ಸೆಮಾಫೋರ್ ಸಿಗ್ನಲ್ ಒಪ್ಪುತ್ತದೆ. ತೋಳು ಅಡ್ಡವಾಗಿದ್ದರೆ ‘ನಿಲ್ಲು’ ಎಂಬ ಅರ್ಥ ರೈಲನ್ನು ನಿಲ್ಲಿಸುವ ಎಲ್ಲ ಬಗೆಯ ಕೈಮರಗಳಿಗೂ ಸಮಾನವಾದರೂ, ಕೆಳಮುಖ ಬಗೆಯಲ್ಲಿ ತೋಳು ಓರೆಯಾಗಿ ಕೆಳಕ್ಕೆ ಇಳಿದರೆ ‘ಹೋಗು’ ಎಂದು, ಮೇಲ್ಮುಖ ಬಗೆಯಲ್ಲಿ 45 ಡಿಗ್ರಿ ಮೇಲೆದ್ದರೆ ‘ಎಚ್ಚರದಿಂದ ಹೋಗು’ ಎಂದು ಮತ್ತು ನೆಟ್ಟಗೆ ನಿಂತರೆ ‘ಹೋಗು’ ಎಂದು ಓದಿಕೊಳ್ಳಬೇಕು. ಇಂದಿನ ಕಾಲದ ಮಾದರಿಗಾದರೆ ಬಣ್ಣದ ದೀಪದ ಸಿಗ್ನಲ್. ಅದರ ಮೂರು ದೀಪಗಳಲ್ಲಿ ಹಸಿರು ಮೇಲೆ, ಹಳದಿ ನಡುವೆ, ಕೆಂಪು ಎಲ್ಲಕ್ಕಿಂತ ಕೆಳಗೆ ಇರುತ್ತದೆ; ರಸ್ತೆಯ ಸಿಗ್ನಲ್ ಕಂಡು ರೂಢಿಯಾದವರು ಕೆಂಪನ್ನು ತುದಿಗೆ ಏರಿಸಿ ಕಟ್ಟುವುದು ಬಹಳ ಸಾಮಾನ್ಯ, ಆದರೆ ರೈಲಿನಲ್ಲಿ ಕೆಂಪು ಲೋಕೋ ಪೈಲಟನ ಕಣ್ಣಿನ ಮಟ್ಟಕ್ಕೆ ಆದಷ್ಟು ಹತ್ತಿರ ಇರಬೇಕಾದುದರಿಂದ ಅದರ ಸ್ಥಾನ ಕೆಳಗೇ.

ಕಾಲದ ನಂತರ ಪಾತ್ರ. ನಿಲ್ದಾಣಕ್ಕೆ ಬರುವ ರೈಲು ಮೊದಲು ಕಾಣುವುದು ಡಿಸ್ಟಂಟ್ ಸಿಗ್ನಲ್. ಅದು ನಿಲ್ಲಿಸುವ ಸಿಗ್ನಲ್ ಅಲ್ಲ, ಮುಂದಿನ ಸಿಗ್ನಲ್ ಹೇಗಿದೆ ಎಂದು ಮುನ್ಸೂಚನೆ ಕೊಡುವ ಸಿಗ್ನಲ್, ಹಾಗಾಗಿಯೇ ಅದರಲ್ಲಿ ಕೆಂಪು ದೀಪ ಇರುವುದಿಲ್ಲ. ಎರಡನೆಯದು ಹೋಂ ಸಿಗ್ನಲ್, ಅಂದರೆ ನಿಲ್ದಾಣದ ಕವಲುಗಳಿಗೆ ಕಾವಲಾಗಿ ನಿಂತು ರೈಲನ್ನು ಒಳಗೆ ಬಿಡುವ ಅಥವಾ ಹೊರಗೇ ತಡೆಯುವ ಸಿಗ್ನಲ್. ಪ್ಲಾಟ್‌ಫಾರಂನ ಮುಂತುದಿಯಲ್ಲಿ ಪ್ರತಿ ಹಳಿಗೂ ಒಂದೊಂದರಂತೆ ನಿಲ್ಲುವುದು ಸ್ಟಾರ್ಟರ್. ಮುಖ್ಯ ಹಳಿಯಿಂದ ಪಕ್ಕಕ್ಕೆ ಸರಿದು ಮತ್ತೆ ಅದನ್ನೇ ಸೇರುವ ಹಳಿಗೆ ಲೂಪ್ ಎಂದು ಹೆಸರು. ಲೂಪಿನ ಸ್ಟಾರ್ಟರಿನಲ್ಲಿ ಸಾಮಾನ್ಯವಾಗಿ ಕೆಂಪು ಮತ್ತು ಹಳದಿ ಮಾತ್ರ ಇರುತ್ತವೆ, ಏಕೆಂದರೆ ಲೂಪಿನಿಂದ ಹೊರಡುವ ರೈಲು ಕವಲನ್ನು ನಿಧಾನವಾಗಿಯೇ ದಾಟಬೇಕು. ಹೋಂ ಸಿಗ್ನಲ್ ರೈಲನ್ನು ಲೂಪಿಗೆ ತಿರುಗಿಸುವುದಾದರೆ ಅದರ ನೆತ್ತಿಯ ಮೇಲೆ ಐದು ಬಿಳಿ ದೀಪಗಳ ಓರೆ ಸಾಲು ಬೆಳಗುತ್ತದೆ, ಇದೇ ಮಾರ್ಗಸೂಚಕ. ಪೋತ್ತನೂರಿನಂಥ ಜಂಕ್ಷನ್ನನ್ನು ಮಾದರಿಯಾಗಿ ಇಟ್ಟುಕೊಂಡವರು ಮಾರ್ಗಸೂಚಕವನ್ನು ಬಿಟ್ಟರೆ ಅರ್ಧ ಸೊಗಸೇ ಹೋದಂತೆ. ಆದರೂ ನಾಲ್ಕು ದಿಕ್ಕಿನ ಜಂಕ್ಷನ್ನಿಗೆ ಮೊದಲೇ ಕೈಹಾಕದೆ, ಒಂದು ಮುಖ್ಯ ಹಳಿ ಮತ್ತು ಒಂದು ಲೂಪ್ ಇರುವ ನಿಲ್ದಾಣದ ಒಂದು ತುದಿಗೆ ಒಂದು ಹೋಂ, ಎರಡು ಸ್ಟಾರ್ಟರುಗಳನ್ನು ಕೂರಿಸಿ, ಅದು ತಪ್ಪಿಲ್ಲದೆ ನಡೆದ ಮೇಲೆ ವಿಸ್ತರಿಸುವುದು ವಿವೇಕ.

ದೂರದ ವಿಷಯದಲ್ಲಿ ರಾಜಿ ಅನಿವಾರ್ಯ. ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆ ನಿಜದ 87ನೆಯ ಒಂದು ಭಾಗ. ಹೋಂ ಸಿಗ್ನಲ್ಲಿಗಿಂತ ಒಂದು ಕಿಲೋಮೀಟರ್ ಹಿಂದೆ ಡಿಸ್ಟಂಟ್ ನಿಲ್ಲಿಸಬೇಕೆಂದರೆ ಮೇಜಿನ ಮೇಲೆ 11.5 ಮೀಟರ್ ಬೇಕಾಗುತ್ತದೆ. ನಿಲ್ಲಬೇಕಾದ ಜಾಗವನ್ನು ಮೀರಿ ರೈಲು ಸ್ವಲ್ಪ ಮುಂದೆ ಸರಿದರೂ ಅಪಾಯವಾಗದಂತೆ ಸಿಗ್ನಲ್ಲಿನ ಆಚೆ ಖಾಲಿ ಇಡುವ 120 ಮೀಟರ್ ಅಂತರವೂ, ಅಂದರೆ ಓವರ್‌ಲ್ಯಾಪ್ ಕೂಡ, 1.38 ಮೀಟರ್ ಆಗುತ್ತದೆ. ಮನೆಯ ಒಂದು ಕೋಣೆಯಲ್ಲಿ ಇದು ಆಗದ ಮಾತಾದುದರಿಂದ ದೂರಗಳನ್ನು ಕುಗ್ಗಿಸಬಹುದು, ಆದರೆ ಕ್ರಮವನ್ನು ಕೆಡಿಸಬಾರದು: ಹೋಂ ಸಿಗ್ನಲ್ ಮೊದಲ ಕವಲಿನ ಹಿಂದೆಯೇ ಇರಬೇಕು, ಅದರ ಮುಂದೆ ಮಾದರಿಯ ಅತಿ ಉದ್ದದ ಎಂಜಿನ್ ನಿಲ್ಲುವಷ್ಟಾದರೂ ತೆರಪಿರಬೇಕು, ಮತ್ತು ಸಿಗ್ನಲ್ ತನ್ನ ಹಳಿಯ ಎಡಕ್ಕೇ ಬರಬೇಕು. ಸಿಗ್ನಲ್ಲುಗಳ ಸ್ಥಾನವನ್ನು ಹಳಿ ಕೂರಿಸುವ ಮೊದಲೇ ಹಲಗೆಯ ಮೇಲೆ ಗುರುತು ಮಾಡಿದರೆ, ಹಲಗೆಯ ಕೆಳಗಿನ ಮರದ ಪಟ್ಟಿಯ ಮೇಲೆಯೇ ರಂಧ್ರ ಬಂದು ಕೂರುವ ತೊಂದರೆ ತಪ್ಪುತ್ತದೆ.

ಇನ್ನು ಕಂಬ. ನಿಜದ ಸಿಗ್ನಲ್ ದೀಪದ ಮುಖ ಸುಮಾರು 200 ಮಿಲಿಮೀಟರ್ ಅಗಲವೆಂದು ಹಿಡಿದರೆ ಎಚ್‌ಒ ಅಳತೆಯಲ್ಲಿ ಅದು 2.3 ಮಿಲಿಮೀಟರ್ ಆಗುವುದರಿಂದ, ಅಂಗಡಿಯಲ್ಲಿ ಸುಲಭವಾಗಿ ಸಿಗುವ 3 ಮಿಲಿಮೀಟರಿನ ದುಂಡು ಎಲ್‌ಇಡಿ ಕಣ್ಣಿಗೆ ದಪ್ಪವಾಗಿ ಕಾಣುತ್ತದೆ. 2 ಮಿಲಿಮೀಟರ್ ಉದ್ದ, 1.25 ಮಿಲಿಮೀಟರ್ ಅಗಲದ, 0805 ಎಂಬ ಸಂಖ್ಯೆಯ ಚಪ್ಪಟೆ ಎಲ್‌ಇಡಿ ಸರಿಹೊಂದುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆ, ಚೆನ್ನೈನ ರಿಚ್ಚಿ ಸ್ಟ್ರೀಟ್‌ಗಳಲ್ಲಿ ಇಂಥ ಬಿಡಿಭಾಗಗಳು ದೊರೆಯುತ್ತವೆ. ಕಂಬಕ್ಕೆ 2 ಮಿಲಿಮೀಟರಿನ ಹಿತ್ತಾಳೆ ಕೊಳವೆ ಬಳಸಿ, ಅದರೊಳಗಿಂದ ಎನಾಮೆಲ್ ಲೇಪದ ತಾಮ್ರದ ತಂತಿಗಳನ್ನು ಇಳಿಸಬಹುದು. ಪಂಪು ಮತ್ತು ಮೋಟರುಗಳ ಊರಾದ ಕೊಯಮತ್ತೂರಿನಲ್ಲಿ ಈ ತಂತಿಗಾಗಿ ಅಲೆಯಬೇಕಿಲ್ಲ: ಮೋಟರ್ ವೈಂಡಿಂಗ್ ಮಾಡುವವರ ಬಳಿಯಿರುವ 38ನೆಯ ಗೇಜಿನ ತಂತಿ ಕೇವಲ 0.15 ಮಿಲಿಮೀಟರ್ ದಪ್ಪವಿದ್ದು, ನಾಲ್ಕೈದು ಎಳೆಗಳು ಒಂದೇ ಕೊಳವೆಯಲ್ಲಿ ಇಳಿಯುತ್ತವೆ. ಬೆಸುಗೆ ಹಾಕುವ ತುದಿಯ ಲೇಪವನ್ನು ಬ್ಲೇಡಿನಿಂದ ಹೆರೆಯದಿದ್ದರೆ ಬೆಸುಗೆ ಹಿಡಿದಂತೆ ಕಂಡರೂ ವಿದ್ಯುತ್ ಹರಿಯುವುದಿಲ್ಲ, ಕೊಳವೆಯ ಬಾಯಿಯ ಚೂಪಾದ ಅಂಚನ್ನು ಅರದಿಂದ ಉಜ್ಜದಿದ್ದರೆ ಅದೇ ಲೇಪ ಕೆತ್ತಿಹೋಗಿ ತಂತಿಗಳು ಒಂದಕ್ಕೊಂದು ತಾಗುತ್ತವೆ. ದೀಪದ ಹಿಂಬದಿಗೆ ಮೊದಲು ಕಪ್ಪು ಬಣ್ಣ ದಪ್ಪವಾಗಿ ಹಚ್ಚದಿದ್ದರೆ ಕತ್ತಲೆಯಲ್ಲಿ ಸಿಗ್ನಲ್ ಹಿಂದಿನಿಂದಲೂ ಹೊಳೆಯುತ್ತದೆ. ಕಂಬವನ್ನು ಹಲಗೆಗೆ ಅಂಟಿನಿಂದ ಶಾಶ್ವತವಾಗಿ ಕೂರಿಸದೆ, ಕೆಳಗೆ ನಾಲ್ಕು ಪಿನ್ನಿನ ಕನೆಕ್ಟರ್ ಜೋಡಿಸಿ ಕಿತ್ತು ತೆಗೆಯುವಂತೆ ಮಾಡುವುದು ಅತ್ಯವಶ್ಯ. ಹಳಿ ಒರೆಸುವ ಕೈಗೆ ತಾಗಿ ಸಿಗ್ನಲ್ ಕಂಬ ಬಾಗದ ಮಾದರಿ ರೈಲುಮಾರ್ಗ ಲೋಕದಲ್ಲಿ ಇರಲಿಕ್ಕಿಲ್ಲ.

ಎಲ್‌ಇಡಿಗೆ ಸರಣಿಯಲ್ಲಿ ರೆಸಿಸ್ಟರ್, ಅಂದರೆ ಪ್ರವಾಹವನ್ನು ಮಿತಿಗೊಳಿಸುವ ಪುಟ್ಟ ತಡೆ, ಇರಲೇಬೇಕು. 12 ವೋಲ್ಟ್ ಪೂರೈಕೆಯಲ್ಲಿ ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುವುದರಿಂದ ಉಳಿದ 10 ವೋಲ್ಟನ್ನು 10 ಮಿಲಿಆಂಪಿಯರಿನಿಂದ ಭಾಗಿಸಿದರೆ 1,000 ಓಮ್ ಬರುತ್ತದೆ ಎಂಬುದು ಪಠ್ಯಪುಸ್ತಕದ ಲೆಕ್ಕ. ಆದರೆ ಆ ಪ್ರವಾಹಕ್ಕೆ ಇಂದಿನ ಎಲ್‌ಇಡಿ ಕಾರಿನ ಹೆಡ್‌ಲೈಟಿನಂತೆ ಕಣ್ಣು ಕುಕ್ಕುತ್ತದೆ. 4,700 ಓಮ್‌ನಿಂದ ಆರಂಭಿಸಿ, ಕೋಣೆಯ ರಾತ್ರಿಯ ಬೆಳಕಿನಲ್ಲಿ ನೋಡಿ ತೀರ್ಮಾನಿಸುವುದು ಉತ್ತಮ. ಹಸಿರಿಗೆ 3 ವೋಲ್ಟಿನ ಆಸುಪಾಸು ಬೇಕಾದರೂ ಅದರ ಹೊಳಪು ಹೆಚ್ಚಾದುದರಿಂದ 10,000 ಓಮ್ ಕೂಡ ಸಾಲಬಹುದು. ಹಸಿರಿನಲ್ಲಿ ತುಸು ನೀಲಿಯ ಛಾಯೆಯಿರುವುದನ್ನೂ ಹಳದಿಯಲ್ಲಿ ನಿಂಬೆಯ ಬಣ್ಣ ಬಿಟ್ಟು ಕಿತ್ತಳೆಯ ಕಡೆಗೆ ವಾಲುವುದನ್ನೂ ಆರಿಸಿಕೊಂಡರೆ ನಿಜದ ಸಿಗ್ನಲ್ಲಿಗೆ ಹತ್ತಿರವಾಗುತ್ತದೆ. ಮೂರೂ ದೀಪಗಳಿಗೆ ಒಂದೇ ರೆಸಿಸ್ಟರ್ ಹಾಕಿ ಉಳಿತಾಯ ಮಾಡುವುದು ಬೇಡ, ಹೊಳಪು ಸಮವಾಗುವುದಿಲ್ಲ.

ಇಷ್ಟಾದರೆ ಕಂಬ ಸಿದ್ಧವಾಯಿತು, ಸಿಗ್ನಲ್ ಇನ್ನೂ ಆಗಿಲ್ಲ. ಹಳಿಯ ಮೇಲೆ ರೈಲಿದೆಯೆಂದು ತಿಳಿಯುವ ಬಗೆಯೇ ಈ ಕೆಲಸದ ತಿರುಳು, ಮತ್ತು ಹೆಚ್ಚಿನ ಸೋಲುಗಳು ಸಂಭವಿಸುವುದೂ ಇಲ್ಲಿಯೇ. ನಿಜದ ರೈಲ್ವೆಯಲ್ಲಿ ಇದಕ್ಕೆ ದಾರಿ ತೋರಿಸಿದ್ದು ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಪೇಟೆಂಟ್ ಪಡೆದ ಟ್ರ್ಯಾಕ್ ಸರ್ಕ್ಯೂಟ್. ಹಳಿಯ ಒಂದು ತುಂಡನ್ನು ಎರಡೂ ತುದಿಗಳಲ್ಲಿ ಅವಾಹಕದಿಂದ ಬೇರ್ಪಡಿಸಿ, ಒಂದು ತುದಿಯಲ್ಲಿ ಬ್ಯಾಟರಿ, ಇನ್ನೊಂದು ತುದಿಯಲ್ಲಿ ರಿಲೇ ಇಟ್ಟರೆ, ಹಳಿ ಖಾಲಿಯಿರುವವರೆಗೆ ಪ್ರವಾಹ ಹರಿದು ರಿಲೇ ಎದ್ದು ನಿಂತಿರುತ್ತದೆ. ರೈಲು ಬಂದೊಡನೆ ಅದರ ಚಕ್ರ ಮತ್ತು ಅಚ್ಚು ಎರಡು ಹಳಿಗಳನ್ನು ಕೂಡಿಸಿ ಪ್ರವಾಹವನ್ನು ತಮ್ಮ ಮೂಲಕವೇ ಹರಿಸಿಕೊಳ್ಳುವುದರಿಂದ ರಿಲೇ ಬೀಳುತ್ತದೆ. ಹಳಿ ಮುರಿದರೂ ಬ್ಯಾಟರಿ ಸತ್ತರೂ ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಒಂದೂವರೆ ಶತಮಾನದ ಹಿಂದಿನ ಈ ಉಪಾಯದ ಜಾಣತನವಿರುವುದು ‘ರೈಲು ಇದೆ’ ಎಂಬುದನ್ನು ಹುಡುಕದೆ ‘ರೈಲು ಇಲ್ಲ’ ಎಂಬುದನ್ನು ಸಾಬೀತುಪಡಿಸುವಂತೆ ಹಳಿಯನ್ನು ಕೇಳುವುದರಲ್ಲಿ.

ಮಾದರಿಯಲ್ಲಿ ಎಂಜಿನ್ನಿಗೆ ವಿದ್ಯುತ್ ಹಳಿಯಿಂದಲೇ ಬರುವುದರಿಂದ ರಾಬಿನ್ಸನ್ನನ ವಿಧಾನ ನೇರವಾಗಿ ಒಗ್ಗುವುದಿಲ್ಲ. ಬದಲಿಗೆ ಹಳಿಯನ್ನು ಸಣ್ಣ ಗರಗಸದಿಂದ ತುಂಡರಿಸಿ, ಪ್ಲಾಸ್ಟಿಕ್ ಜೋಡಣೆಗಳಿಂದ ಬ್ಲಾಕುಗಳಾಗಿ ವಿಂಗಡಿಸಿ, ಪ್ರತಿ ಬ್ಲಾಕಿಗೆ ಹರಿಯುವ ಪ್ರವಾಹವನ್ನು ಡಯೋಡುಗಳು ಮತ್ತು ಆಪ್ಟೋಕಪ್ಲರ್ ಮೂಲಕ ಅಳೆಯಲಾಗುತ್ತದೆ. ಆಪ್ಟೋಕಪ್ಲರ್ ಎಂದರೆ ಎರಡು ವಿದ್ಯುನ್ಮಾರ್ಗಗಳ ನಡುವೆ ತಂತಿಯ ಬದಲು ಬೆಳಕಿನಿಂದ ಸುದ್ದಿ ದಾಟಿಸುವ ಬಿಡಿಭಾಗ. ಎಂಜಿನ್ ಪ್ರವಾಹ ಎಳೆಯುತ್ತಿದ್ದರೆ ಬ್ಲಾಕ್ ತುಂಬಿದೆ ಎಂದರ್ಥ. ಹಳಿಯಲ್ಲಿ ಸದಾ ಪೂರ್ಣ ವೋಲ್ಟೇಜ್ ಇದ್ದು ಪ್ರತಿ ಎಂಜಿನ್ನಿಗೂ ಪ್ರತ್ಯೇಕ ಆದೇಶ ಹೋಗುವ ಡಿಸಿಸಿ ಎಂಬ ಅಂಕೀಯ ಪದ್ಧತಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಆದರೆ ವೋಲ್ಟೇಜನ್ನೇ ಏರಿಸಿ ಇಳಿಸಿ ವೇಗ ಬದಲಿಸುವ ಹಳೆಯ ಡಿಸಿ ಪದ್ಧತಿಯಲ್ಲಿ ರೈಲು ನಿಂತಾಗ ಹಳಿಯಲ್ಲಿ ವೋಲ್ಟೇಜೇ ಇಲ್ಲದ ಕಾರಣ, ಪ್ಲಾಟ್‌ಫಾರಂನಲ್ಲಿ ನಿಂತ ರೈಲು ಪತ್ತೆಗಾರನ ಕಣ್ಣಿನಿಂದ ಮಾಯವಾಗಿ ಹಿಂದಿನ ಸಿಗ್ನಲ್ ಹಸಿರಾಗಿಬಿಡುತ್ತದೆ. ಸಿಗ್ನಲ್ ಎಂಜಿನಿಯರುಗಳು ಅತಿ ಹೆಚ್ಚು ಹೆದರುವ ಬಗೆಯ ವೈಫಲ್ಯ ಇದೇ: ಸಾಧನ ತಪ್ಪುವುದು ಅಪಾಯದ ಕಡೆಗೆ. ಡಿಸಿ ಮಾರ್ಗದವರು ಒಂದೋ ಎಂಜಿನ್ ಅಲುಗಾಡದಷ್ಟು ಸಣ್ಣ ಪ್ರವಾಹವನ್ನು ಹಳಿಗೆ ಸದಾ ಹರಿಸುವ ಮಂಡಲವನ್ನು ಸೇರಿಸಬೇಕು, ಇಲ್ಲವೇ ಅತಿಗೆಂಪು ಕಿರಣದ ಸಂವೇದಕಗಳಿಗೆ ಹೋಗಬೇಕು. ಎರಡು ಪದ್ಧತಿಗಳಲ್ಲಿಯೂ ಬೋಗಿಗಳು ಪ್ರವಾಹ ಎಳೆಯುವುದಿಲ್ಲವಾದ್ದರಿಂದ, ಕೊನೆಯ ಬೋಗಿಯ ಅಚ್ಚಿಗಾದರೂ 10,000 ಓಮ್‌ನ ಪುಟ್ಟ ರೆಸಿಸ್ಟರ್ ಅಂಟಿಸಿದರೆ ರೈಲಿನ ಬಾಲವೂ ಪತ್ತೆಯಾಗುತ್ತದೆ. ಡಯೋಡುಗಳು ಹಳಿಯ ವೋಲ್ಟೇಜನ್ನು ಸ್ವಲ್ಪ ತಿನ್ನುವುದರಿಂದ, ಪತ್ತೆ ಮಂಡಲವನ್ನು ಕೆಲವು ಬ್ಲಾಕುಗಳಿಗೆ ಮಾತ್ರ ಹಾಕಿದರೆ ರೈಲು ಬ್ಲಾಕಿನಿಂದ ಬ್ಲಾಕಿಗೆ ವೇಗ ಬದಲಿಸುತ್ತದೆ. ಉಳಿದ ಬ್ಲಾಕುಗಳಿಗೂ ಅಷ್ಟೇ ಡಯೋಡುಗಳನ್ನು ಸೇರಿಸುವುದು ಇದಕ್ಕೆ ಪರಿಹಾರ.

ಅತಿಗೆಂಪು ಸಂವೇದಕದಲ್ಲಿ ಎರಡು ಬಗೆ. ಹಳಿಗಳ ನಡುವಿನಿಂದ ಕಿರಣವನ್ನು ಮೇಲಕ್ಕೆ ಕಳಿಸಿ ಬೋಗಿಯ ತಳದಿಂದ ಮರಳುವ ಬೆಳಕನ್ನು ಹಿಡಿಯುವುದು ಒಂದು. ಹಳಿಗೆ ಅಡ್ಡಲಾಗಿ ಕಿರಣ ಹಾಯಿಸಿ, ಅದು ಕಡಿದಾಗ ರೈಲು ಬಂದಿದೆ ಎಂದು ತಿಳಿಯುವುದು ಇನ್ನೊಂದು. ಮೊದಲನೆಯದು ಕಣ್ಣಿಗೆ ಬೀಳದೆ ಅಡಗಿರುತ್ತದೆ ಎಂಬ ಕಾರಣಕ್ಕೆ ಜನಪ್ರಿಯ. ಆದರೆ ಅದರ ಕಿರಣ ಸೂಸುವ ದೀಪ ಸುಟ್ಟುಹೋದರೆ ಹಳಿ ಸದಾ ಖಾಲಿಯಾಗಿಯೇ ಕಾಣುತ್ತದೆ, ಎರಡನೆಯದರಲ್ಲಿ ದೀಪ ಸುಟ್ಟರೆ ಹಳಿ ಸದಾ ತುಂಬಿದಂತೆ ಕಾಣುತ್ತದೆ. ಸಿಗ್ನಲ್ಲಿನ ತತ್ತ್ವಕ್ಕೆ ನಿಷ್ಠವಾದುದು ಎರಡನೆಯದೇ ಎಂಬುದರಲ್ಲಿ ಅನುಮಾನವಿಲ್ಲ. ಸಂವೇದಕವನ್ನು ಮರೆಮಾಡಲು ಒಂದು ಪೊದೆ ಅಥವಾ ಗ್ಯಾಂಗ್‌ಮ್ಯಾನ್ ಗುಡಿಸಲು ಸಾಕು. ಕೊಯಮತ್ತೂರಿನಂಥ ಬಿಸಿಲಿನ ಊರಿನಲ್ಲಿ ಕಿಟಕಿಯಿಂದ ಬೀಳುವ ನೇರ ಬೆಳಕಿನಲ್ಲಿಯೂ ಅತಿಗೆಂಪು ಅಂಶ ಧಾರಾಳವಾಗಿರುವುದರಿಂದ, ಗ್ರಾಹಕಕ್ಕೆ ಕಪ್ಪು ಕೊಳವೆಯ ಮುಸುಕು ಹಾಕಬೇಕು. ಬೋಗಿಗಳ ನಡುವಿನ ತೆರಪಿನಲ್ಲಿ ಕಿರಣ ಒಂದು ಕ್ಷಣ ಮತ್ತೆ ಕೂಡಿಕೊಂಡು ಸಿಗ್ನಲ್ ಮಿಟುಕುವುದನ್ನು ತಪ್ಪಿಸಲು, ಹಳಿ ಎರಡು ಸೆಕೆಂಡ್ ಎಡೆಬಿಡದೆ ಖಾಲಿಯಿದ್ದರೆ ಮಾತ್ರ ಅದನ್ನು ಖಾಲಿ ಎಂದು ಒಪ್ಪುವಂತೆ ಪ್ರೋಗ್ರಾಂ ಬರೆಯಬೇಕು. ಕಿರಣ ಒಂದು ಬಿಂದುವನ್ನು ಮಾತ್ರ ನೋಡುತ್ತದೆ, ಇಡೀ ಬ್ಲಾಕನ್ನಲ್ಲ ಎಂಬುದೂ ನೆನಪಿರಬೇಕು: ಪ್ರವೇಶ ಮತ್ತು ನಿರ್ಗಮನಗಳಲ್ಲಿ ಒಂದೊಂದು ಇಟ್ಟು, ಒಳಗೆ ಬಂದುದು ಹೊರಗೆ ಹೋಗುವವರೆಗೆ ಬ್ಲಾಕ್ ತುಂಬಿದೆ ಎಂದು ಲೆಕ್ಕವಿಡುವುದು ಸರಿಯಾದ ಕ್ರಮ, ನಿಜದ ರೈಲ್ವೆಯಲ್ಲಿ ಅಚ್ಚುಗಳನ್ನು ಎಣಿಸುವ ಆಕ್ಸಲ್ ಕೌಂಟರ್ ಮಾಡುವುದೂ ಇದೇ ಬಗೆಯ ಕೆಲಸ.

ಕವಲಿನ ಸ್ಥಿತಿ ಸಿಗ್ನಲ್ಲಿಗೆ ತಿಳಿಯಬೇಕಾದ ಎರಡನೆಯ ಸಂಗತಿ. ಪಾಯಿಂಟಿನ, ಅಂದರೆ ಕವಲನ್ನು ತಿರುಗಿಸುವ ಭಾಗದ, ಮೋಟರಿಗೆ ಆದೇಶ ಹೋಯಿತೆಂಬ ಮಾತ್ರಕ್ಕೆ ಅದರ ನಾಲಗೆ, ಅಂದರೆ ಚಲಿಸುವ ಹಳಿಯ ತುಂಡು, ಆ ಕಡೆಗೆ ಪೂರ್ತಿ ಕೂತಿದೆ ಎಂದು ನಂಬಬಾರದು. ನಡುವೆ ಒಂದು ಕಲ್ಲಿನ ಹರಳು ಸಿಕ್ಕಿಕೊಂಡರೂ ಸಾಕು. ನಾಲಗೆಯ ಸರಳಿಗೆ ತಾಗುವ ಮೈಕ್ರೋಸ್ವಿಚ್ ಇಟ್ಟು, ಅದು ಒತ್ತಿಕೊಂಡ ಮೇಲೆಯೇ ಸಿಗ್ನಲ್ ಬಿಡುವಂತೆ ಮಾಡುವುದು ನಿಜದ ರೈಲ್ವೆಯ ಪಾಯಿಂಟ್ ಡಿಟೆಕ್ಷನ್ನಿನ ಪ್ರತಿರೂಪ.

ಇವೆಲ್ಲವನ್ನೂ ಒಟ್ಟುಗೂಡಿಸಿ ತೀರ್ಮಾನ ಕೊಡುವ ಮಿದುಳಾಗಿ ಆರ್ಡುಯಿನೋದಂಥ ಅಗ್ಗದ ನಿಯಂತ್ರಕ ಫಲಕ ಸಾಕಾಗುತ್ತದೆ. ಗಣಕದಿಂದಲೇ ಇಡೀ ನಿಲ್ದಾಣ ನಡೆಸಬಯಸುವವರಿಗೆ ಜೆಎಂಆರ್‌ಐ ಎಂಬ ಉಚಿತ ತಂತ್ರಾಂಶವಿದೆ. ಫಲಕದ ಒಂದು ಪಿನ್ನಿನಿಂದ 20 ಮಿಲಿಆಂಪಿಯರಿಗಿಂತ ಹೆಚ್ಚು ಎಳೆಯುವುದೂ, 12 ವೋಲ್ಟಿನ ದೀಪವನ್ನು ಅದರ 5 ವೋಲ್ಟಿನ ಪಿನ್ನಿಗೆ ನೇರವಾಗಿ ಜೋಡಿಸುವುದೂ ಸಲ್ಲದು. ನಡುವೆ ಏಳು ದಾರಿಗಳ ಯುಎಲ್‌ಎನ್ 2003 ಚಿಪ್ ಇಟ್ಟರೆ ಎರಡು ಮೂರು-ದೀಪದ ಸಿಗ್ನಲ್ಲುಗಳನ್ನು ಒಂದೇ ಚಿಪ್ ನಿಭಾಯಿಸುತ್ತದೆ. ಸಂವೇದಕದ ತಂತಿ ತುಂಡಾದರೆ ಅದನ್ನು ‘ಬ್ಲಾಕ್ ತುಂಬಿದೆ’ ಎಂದೇ ಓದಿಕೊಳ್ಳುವಂತೆ, ಖಾಲಿಯಿದ್ದಾಗ ಸಂಪರ್ಕ ಕೂಡಿರುವ ರೀತಿಯಲ್ಲಿ ಜೋಡಣೆ ಇರಬೇಕು. ಪ್ರೋಗ್ರಾಂ ಎಲ್ಲಿಯಾದರೂ ಸಿಕ್ಕಿಬಿದ್ದರೆ ಹಸಿರು ದೀಪ ಹಾಗೆಯೇ ಉರಿಯುತ್ತ ಉಳಿಯುವ ಅಪಾಯವಿರುವುದರಿಂದ ಆಗ ಫಲಕವನ್ನು ತಾನಾಗಿ ಮರುಪ್ರಾರಂಭಿಸುವ ವಾಚ್‌ಡಾಗ್ ಗಡಿಯಾರವನ್ನು ಚಾಲೂ ಮಾಡಿ, ಮರುಪ್ರಾರಂಭವಾದಾಗಲೆಲ್ಲ ಎಲ್ಲ ಸಿಗ್ನಲ್ಲುಗಳೂ ಕೆಂಪಿನಿಂದಲೇ ಶುರುವಾಗುವಂತೆ ಬರೆಯಬೇಕು.

ತರ್ಕವನ್ನು ಪ್ರೋಗ್ರಾಂಗಿಂತ ಮೊದಲು ಕಾಗದದ ಮೇಲೆ ಕನ್ನಡದಲ್ಲಿಯೇ ಬರೆದುಕೊಳ್ಳುವುದು ಲೇಸು. ಹೋಂ ಸಿಗ್ನಲ್ಲಿನ ಸಹಜ ಸ್ಥಿತಿ ಕೆಂಪು. ಸ್ಟೇಷನ್ ಮಾಸ್ಟರನ ಸ್ಥಾನದಲ್ಲಿರುವವರು ಗುಂಡಿ ಒತ್ತಿ ಕೇಳಿಕೊಂಡಾಗ, ಕವಲಿನ ಬ್ಲಾಕ್ ಖಾಲಿಯಿದ್ದು, ಪಾಯಿಂಟ್ ಪೂರ್ತಿ ಕೂತಿದ್ದು, ಅದು ತೋರಿಸುವ ಹಳಿ ಖಾಲಿಯಿದ್ದರೆ ಮಾತ್ರ ಹೋಂ ಹಳದಿಯಾಗುತ್ತದೆ. ಪಾಯಿಂಟ್ ಲೂಪಿಗಿದ್ದರೆ ಜೊತೆಗೆ ಮಾರ್ಗಸೂಚಕವೂ ಬೆಳಗುತ್ತದೆ. ಪಾಯಿಂಟ್ ಮುಖ್ಯ ಹಳಿಗಿದ್ದು, ಮುಖ್ಯ ಹಳಿಯ ಸ್ಟಾರ್ಟರೂ ಕೆಂಪು ಬಿಟ್ಟಿದ್ದರೆ ಹೋಂ ಹಸಿರಾಗಬಹುದು. ಡಿಸ್ಟಂಟ್ ಇದ್ದರೆ ಅದಕ್ಕೆ ಸ್ವಂತ ಬುದ್ಧಿ ಬೇಡ: ಹೋಂ ಕೆಂಪಾದರೆ ಅದು ಒಂದು ಹಳದಿ, ಹೋಂ ಹಳದಿಯಾದರೆ ಎರಡು ಹಳದಿ, ಹೋಂ ಹಸಿರಾದರೆ ಹಸಿರು. ರೈಲಿನ ಮೊದಲ ಚಕ್ರ ಹೋಂ ದಾಟಿದ ಕೂಡಲೇ ಸಿಗ್ನಲ್ ಕೆಂಪಿಗೆ ಮರಳಬೇಕು, ಮತ್ತು ರೈಲು ಮುಂದೆ ಸರಿದು ಹಳಿ ಖಾಲಿಯಾದ ಮೇಲೂ ಯಾರಾದರೂ ಮತ್ತೆ ಗುಂಡಿ ಒತ್ತುವವರೆಗೆ ಕೆಂಪಾಗಿಯೇ ಉಳಿಯಬೇಕು. ಒಂದು ಸಲ ಬಿಟ್ಟ ಸಿಗ್ನಲ್ ಒಂದೇ ರೈಲಿಗೆ ಎಂಬ ಈ ನಿಯಮವನ್ನು ಹವ್ಯಾಸಿಗಳು ಬಹುತೇಕ ಕಡೆಗಣಿಸುತ್ತಾರೆ, ಹಾಗಾಗಿ ಅವರ ನಿಲ್ದಾಣಗಳು ಯಾರೂ ಕೇಳದಿದ್ದರೂ ರೈಲನ್ನು ಒಳಕ್ಕೆ ಕರೆಯುತ್ತಿರುತ್ತವೆ. ಹೋಂ ಬಿಟ್ಟಿರುವಾಗ ಅಥವಾ ಕವಲಿನ ಬ್ಲಾಕ್ ತುಂಬಿರುವಾಗ ಪಾಯಿಂಟ್ ತಿರುಗುವ ಆದೇಶವನ್ನು ಪ್ರೋಗ್ರಾಂ ತಿರಸ್ಕರಿಸಬೇಕು. ಇದೇ ಇಂಟರ್‌ಲಾಕಿಂಗ್, ಅಂದರೆ ಸಿಗ್ನಲ್ ಮತ್ತು ಕವಲುಗಳು ಪರಸ್ಪರ ಕಟ್ಟುಬಿದ್ದು ವಿರೋಧವಾಗಿ ನಡೆಯದಂತಿರುವ ವ್ಯವಸ್ಥೆ. ಗುಂಡಿ ಒತ್ತುತ್ತ ಕೂರುವ ಉತ್ಸಾಹವಿಲ್ಲದೆ ರೈಲು ತನ್ನಷ್ಟಕ್ಕೆ ಸುತ್ತುವುದನ್ನು ನೋಡಬಯಸುವವರು, ನಿಲ್ದಾಣದ ಹೊರಗಿನ ಹಳಿಗೆ ಕಂಬದ ಮೇಲೆ ‘ಎ’ ಅಕ್ಷರದ ಬಿಳಿ ಬಿಲ್ಲೆಯಿರುವ ಸ್ವಯಂಚಾಲಿತ ಸಿಗ್ನಲ್ಲುಗಳನ್ನು ಹಾಕಿಕೊಳ್ಳಬಹುದು. ಅವುಗಳ ಸಹಜ ಸ್ಥಿತಿ ಹಸಿರು, ಬಣ್ಣವನ್ನು ಬದಲಿಸುವುದು ರೈಲು ಮಾತ್ರ.

ಕೈಮರ ಆರಿಸಿಕೊಂಡವರಿಗೆ ತರ್ಕ ಇದೇ, ದೀಪದ ಬದಲು 9 ಗ್ರಾಂ ತೂಕದ ಪುಟ್ಟ ಸರ್ವೋ ಮೋಟರ್ ತೋಳನ್ನು ಎಳೆಯುತ್ತದೆ. ಸರ್ವೋಗಳಿಗೆ ಪ್ರತ್ಯೇಕ 5 ವೋಲ್ಟಿನ ಪೂರೈಕೆ ಕೊಡದಿದ್ದರೆ ಅವು ಅದುರುತ್ತವೆ, ಫಲಕವನ್ನೂ ಮರುಪ್ರಾರಂಭಿಸುತ್ತವೆ. ಎಳೆಯುವ ತಂತಿ ಕಳಚಿದರೆ ತೋಳು ತಾನಾಗಿ ಅಡ್ಡಕ್ಕೆ ಮರಳುವಂತೆ, ಕೆಳಮುಖ ಬಗೆಯಲ್ಲಿ ತೋಳಿನ ಹಿಂತುದಿಗೆ ಸಣ್ಣ ಸೀಸದ ತುಂಡು ಅಂಟಿಸುವುದು ಸೂಕ್ತ.

ಪರೀಕ್ಷೆ ಮಾಡುವಾಗ ಎಲ್ಲವೂ ಸರಿಯಾಗಿ ನಡೆಯುತ್ತದೆಯೇ ಎಂದು ನೋಡುವುದಕ್ಕಿಂತ, ಒಂದೊಂದನ್ನೇ ಕೆಡಿಸಿ ನೋಡುವುದು ಹೆಚ್ಚು ಪ್ರಯೋಜನಕರ. ಹಲಗೆಯ ಕೆಳಗಿನ ತಂತಿಗಳಿಗೆ ಮೊದಲೇ ಚೀಟಿ ಅಂಟಿಸಿ ಹೆಸರು ಬರೆದಿಟ್ಟು, ಹೋಂ ಹಸಿರಾಗಿರುವಾಗ ಸಂವೇದಕದ ತಂತಿಯೊಂದನ್ನು ಕೀಳಬೇಕು, ಪಾಯಿಂಟಿನ ನಾಲಗೆಯನ್ನು ಬೆರಳಿನಿಂದ ಅರ್ಧ ಸರಿಸಬೇಕು, ಕಿರಣಕ್ಕೆ ಕಾಗದ ಅಡ್ಡ ಹಿಡಿಯಬೇಕು, ಬಾಲದ ಬೋಗಿಯೊಂದನ್ನೇ ಬ್ಲಾಕಿನಲ್ಲಿ ಬಿಟ್ಟು ಎಂಜಿನನ್ನು ಮುಂದಕ್ಕೆ ಒಯ್ದು ಮತ್ತೆ ಗುಂಡಿ ಒತ್ತಬೇಕು. ಪ್ರತಿ ಸಲವೂ ಸಿಗ್ನಲ್ ಕೆಂಪಾಗಿಯೇ ಇರಬೇಕು. ಕೊನೆಯ ಪರೀಕ್ಷೆಯಲ್ಲಿ ಮಾತ್ರ ಆಗಾಗ ಹಸಿರು ಕಂಡರೆ ದೋಷ ಪ್ರೋಗ್ರಾಮಿನದಲ್ಲ, ಹಳಿಯ ಮೇಲಿನ ಅಥವಾ ಚಕ್ರದ ಮೇಲಿನ ಕೊಳೆಯದು. ಐಸೊಪ್ರೊಪೈಲ್ ಆಲ್ಕೊಹಾಲ್ ತೊಟ್ಟಿಕ್ಕಿದ ಬಟ್ಟೆಯಿಂದ ಎರಡನ್ನೂ ಒರೆಸಿ ಮತ್ತೊಮ್ಮೆ ನೋಡಬೇಕು.